ಪ್ರಯೋಗಾಲಯದ ಬೇರುಕೃಷಿ ಮತ್ತು ಔಷಧೀಯ ಆಲ್ಕಲಾಯ್ಡ್‌ಗಳು

ಔಷಧಿ ಗಿಡದ ಬೇರನ್ನು ಗಿಡದಿಂದ ಬಿಡಿಸಿ, ಸೂಕ್ಷ್ಮಾಣುಗಳ ಸೋಂಕಿಲ್ಲದ ಪೋಷಕ ದ್ರವದಲ್ಲಿ ಬೆಳೆಸಿ, ಅದರಿಂದ ಆಲ್ಕಲಾಯ್ಡ್‌ಗಳನ್ನು ಪಡೆಯುವ ಜೈವಿಕ ತಂತ್ರ. ಇದಕ್ಕೆ ಮಣ್ಣು ಬೇಡ, ಎಲೆ ಬೇಡ, ಬಿಸಿಲೂ ಬೇಡ. ಸಕ್ಕರೆ, ಲವಣಗಳು, ಒಂದೆರಡು ಜೀವಸತ್ವಗಳು ಕರಗಿದ ನೀರು ಮತ್ತು ಗಾಳಿ ಸಿಕ್ಕರೆ ಬೇರು ತಾನೊಂದೇ ವರ್ಷಗಟ್ಟಲೆ ಬೆಳೆಯುತ್ತದೆ. ಬೆಳೆಯುತ್ತಲೇ, ತಾಯಿಗಿಡದಲ್ಲಿದ್ದಾಗ ಯಾವ ರಾಸಾಯನಿಕಗಳನ್ನು ತಯಾರಿಸುತ್ತಿತ್ತೋ ಅವನ್ನು ತಯಾರಿಸುತ್ತಲೂ ಇರುತ್ತದೆ. ಹಾರ್ಮೋನು ಕೊಟ್ಟು ಕಾಂಡ ಅಥವಾ ಎಲೆಯಿಂದ ಹೊರಡಿಸಿದ ಅಪಸ್ಥಾನಿಕ ಬೇರು ಈ ಕೃಷಿಯ ಒಂದು ಬಗೆ. ಮಣ್ಣಿನ ಬ್ಯಾಕ್ಟೀರಿಯವೊಂದರ ಸೋಂಕಿನಿಂದ ಹುಟ್ಟುವ ಕೂದಲುಬೇರು ಇನ್ನೊಂದು ಬಗೆ. ಆಲ್ಕಲಾಯ್ಡ್ ಸಂಶೋಧನೆಯ ಬಹುಪಾಲು ನಡೆದಿರುವುದು ಎರಡನೆಯದರ ಮೇಲೆ.

ಆಲ್ಕಲಾಯ್ಡ್‌ಗಳು ಸಸ್ಯಗಳು ತಯಾರಿಸುವ, ಸಾರಜನಕ ಹೊಂದಿರುವ, ಸಾಮಾನ್ಯವಾಗಿ ಕ್ಷಾರಗುಣದ ಮತ್ತು ಕಹಿರುಚಿಯ ಸಂಯುಕ್ತಗಳು. ಅಫೀಮಿನ ಮಾರ್ಫೀನ್, ಸಿಂಕೋನ ತೊಗಟೆಯ ಕ್ವಿನೈನ್, ಹೊಗೆಸೊಪ್ಪಿನ ನಿಕೊಟಿನ್, ದತ್ತೂರಿಯ ಹಯೊಸಯಮೀನ್, ಸರ್ಪಗಂಧದ ರೆಸರ್ಪಿನ್, ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್ ಎಲ್ಲವೂ ಈ ವರ್ಗದವು. ಕೀಟನಾಶಕ ಕುಡಿದು ಅಥವಾ ಮೈಗೆ ತಾಗಿ ಆಸ್ಪತ್ರೆ ಸೇರುವ ರೈತರಿಗೆ ವೈದ್ಯರು ಮೊದಲು ಚುಚ್ಚುವ ಅಟ್ರೊಪಿನ್ ಕೂಡ ಹಯೊಸಯಮೀನಿನದೇ ರೂಪ. ಇಂಥ ಅಣುಗಳಲ್ಲಿ ಅನೇಕವನ್ನು ರಸಾಯನಶಾಸ್ತ್ರಜ್ಞರು ಕೃತಕವಾಗಿ ಕಟ್ಟಿದ್ದಾರೆ. ಅಮೆರಿಕದ ರಾಬರ್ಟ್ ವುಡ್‌ವರ್ಡ್ 1956ರಲ್ಲಿ ರೆಸರ್ಪಿನ್ ಕಟ್ಟಿದ್ದು ಆ ಶಾಸ್ತ್ರದ ಹೆಮ್ಮೆಯ ಸಾಧನೆಗಳಲ್ಲಿ ಒಂದು. ಆದರೆ ಹತ್ತಾರು ಹಂತಗಳ ಆ ದಾರಿ ಮಾರುಕಟ್ಟೆಗೆ ಒಗ್ಗುವುದು ಅಪರೂಪ. ಹಾಗಾಗಿ ಇಂದಿಗೂ ಇವುಗಳಲ್ಲಿ ಹೆಚ್ಚಿನವು ಗಿಡದಿಂದಲೇ ಬರಬೇಕು. ಗಿಡ ಕೊಡುವುದಾದರೂ ಬಲು ಕಡಿಮೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ನಿತ್ಯಪುಷ್ಪದ ಸುಮಾರು 500 ಕಿಲೊ ಒಣ ಎಲೆ ಬೇಕು, ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಸುಮಾರು 2,000 ಕಿಲೊ. ನಿತ್ಯಪುಷ್ಪದಲ್ಲಿ ಎಲೆ ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ. ಮದ್ದು ಬೇರಿನಲ್ಲಿದ್ದರೆ ಅಗೆಯಬೇಕು, ಅಗೆದರೆ ಗಿಡವೇ ಹೋಯಿತು.

ಬೇರಿನ ಸಾಮರ್ಥ್ಯ ತಿಳಿದದ್ದು

ಕತ್ತರಿಸಿದ ಬೇರಿನ ತುದಿಯನ್ನು ದ್ರವದಲ್ಲಿ ಜೀವಂತ ಇಡುವ ಪ್ರಯತ್ನಗಳು 1922ರ ಹೊತ್ತಿಗೆ ಜರ್ಮನಿಯಲ್ಲೂ ಅಮೆರಿಕದಲ್ಲೂ ಆರಂಭವಾಗಿದ್ದವು. ಅಮೆರಿಕದ ಫಿಲಿಪ್ ವೈಟ್ 1934ರಲ್ಲಿ ಟೊಮೇಟೊ ಬೇರಿನ ತುದಿಯನ್ನು ಮಿತಿಯಿಲ್ಲದೆ ಬೆಳೆಸಬಹುದೆಂದು ತೋರಿಸಿದರು: ಬೆಳೆದ ಬೇರಿನ ತುದಿ ಕತ್ತರಿಸಿ ಹೊಸ ದ್ರವಕ್ಕೆ ಹಾಕುವುದು, ಅದು ಬೆಳೆದಾಗ ಮತ್ತೆ ಕತ್ತರಿಸುವುದು. ಔಷಧದ ಯೋಚನೆ ಆಗ ಯಾರಿಗೂ ಇರಲಿಲ್ಲ. ಸಸ್ಯದ ಒಂದು ಅಂಗಕ್ಕೆ ಸ್ವತಂತ್ರವಾಗಿ ಬದುಕಲು ಏನೇನು ಬೇಕು ಎಂಬುದೇ ಆಗಿನ ಪ್ರಶ್ನೆ.

ಆಲ್ಕಲಾಯ್ಡ್‌ಗೂ ಬೇರಿಗೂ ಇರುವ ನಂಟನ್ನು ಬಯಲು ಮಾಡಿದ್ದು ಸಸ್ಯವಿಜ್ಞಾನಿ ರೇ ಡಾಸನ್. ನಿಕೊಟಿನ್ ಇರುವುದು ಹೊಗೆಸೊಪ್ಪಿನ ಎಲೆಯಲ್ಲಿ, ಆದ್ದರಿಂದ ತಯಾರಾಗುವುದೂ ಎಲೆಯಲ್ಲೇ ಎಂದು ನಂಬಿದ್ದ ಕಾಲ ಅದು. ಡಾಸನ್ 1940ರ ದಶಕದ ಆರಂಭದಲ್ಲಿ ಕಸಿ ಮಾಡಿ ನೋಡಿದರು. ಟೊಮೇಟೊ ಬೇರಿನ ಮೇಲೆ ಹೊಗೆಸೊಪ್ಪಿನ ಚಿಗುರು ಕಟ್ಟಿದಾಗ ಹೊಸ ಎಲೆಗಳಲ್ಲಿ ನಿಕೊಟಿನ್ ಸೇರಲಿಲ್ಲ. ಹೊಗೆಸೊಪ್ಪಿನ ಬೇರಿನ ಮೇಲೆ ಟೊಮೇಟೊ ಕಟ್ಟಿದಾಗ ಟೊಮೇಟೊ ಎಲೆಯಲ್ಲಿ ನಿಕೊಟಿನ್ ತುಂಬಿತು. 1942ರಲ್ಲಿ ಅವರು ಗಿಡದಿಂದ ಬೇರೆ ಮಾಡಿ ದ್ರವದಲ್ಲಿ ಬೆಳೆಸಿದ ಹೊಗೆಸೊಪ್ಪಿನ ಬೇರೂ ನಿಕೊಟಿನ್ ತಯಾರಿಸುವುದನ್ನು ವರದಿ ಮಾಡಿದರು. ತಯಾರಿ ಬೇರಿನಲ್ಲಿ, ದಾಸ್ತಾನು ಎಲೆಯಲ್ಲಿ, ನಡುವೆ ನೀರು ಒಯ್ಯುವ ಕ್ಸೈಲಂ ನಾಳದ ಸಾಗಣೆ. ದತ್ತೂರಿ, ಬೆಲಡೊನ, ಖುರಾಸಾನಿ ಓಮದಂಥ, ಹೊಗೆಸೊಪ್ಪಿನಂತೆ ಬದನೆ ಕುಟುಂಬಕ್ಕೇ ಸೇರಿದ ಗಿಡಗಳ ಹಯೊಸಯಮೀನ್ ಮತ್ತು ಸ್ಕೊಪೊಲಮೀನ್‌ಗಳದೂ ಇದೇ ಕ್ರಮವೆಂದು ಮುಂದೆ ತಿಳಿಯಿತು. ಈ ವಿಷಯದ ಇತಿಹಾಸದಲ್ಲಿ ಡಾಸನ್ನರ ಪ್ರಯೋಗಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ. ಮುಂದಿನ ಎಲ್ಲ ಕೆಲಸವೂ ಅದರ ಮೇಲೆಯೇ ನಿಂತಿದೆ.

ಆ ಪಾಠ ನಡುವೆ ಕೆಲಕಾಲ ಮರೆತುಹೋಯಿತು. 1960 ಮತ್ತು 70ರ ದಶಕಗಳಲ್ಲಿ ಎಲ್ಲರ ಗಮನ ಬಿಡಿ ಜೀವಕೋಶಗಳ ಕಡೆ ಹರಿಯಿತು. ಗಿಡದ ಚೂರೊಂದನ್ನು ಹಾರ್ಮೋನು ಬೆರೆಸಿದ ಮಾಧ್ಯಮದಲ್ಲಿಟ್ಟರೆ ರೂಪವಿಲ್ಲದ ಕೋಶಗಳ ಗಂಟು, ಅಂದರೆ ಕ್ಯಾಲಸ್, ಬೆಳೆಯುತ್ತದೆ. ಅದನ್ನು ದ್ರವದಲ್ಲಿ ಕದಡಿ ಯೀಸ್ಟಿನಂತೆ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಬಹುದು. ಕೆಲವು ಕಡೆ ಇದು ಅದ್ಭುತವಾಗಿ ಫಲಿಸಿತು. ಜಪಾನಿನ ಮಿತ್ಸುಯಿ ಕಂಪನಿ 1983ರ ಹೊತ್ತಿಗೆ ಶಿಕೊನಿನ್ ಎಂಬ ಕೆಂಪು ವರ್ಣದ್ರವ್ಯವನ್ನು ಹೀಗೆ ಮಾರುಕಟ್ಟೆಗೆ ತಂದಿತು. ಆದರೆ ಶಿಕೊನಿನ್ ಆಲ್ಕಲಾಯ್ಡ್ ಅಲ್ಲ. ದತ್ತೂರಿಯ ಕ್ಯಾಲಸ್‌ನಲ್ಲಿ ಹಯೊಸಯಮೀನ್ ಹುಡುಕಿದವರಿಗೆ ಸಿಕ್ಕಿದ್ದು ಲೇಶಮಾತ್ರ. ಅಫೀಮು ಗಿಡದ ಕೋಶಗಳಂತೂ ಮಾರ್ಫೀನ್ ಬಿಟ್ಟು ಸ್ಯಾಂಗ್ವಿನರಿನ್ ಎಂಬ ಬೇರೆಯೇ ಆಲ್ಕಲಾಯ್ಡ್ ತಯಾರಿಸಿದವು. ಅದೇ ಕ್ಯಾಲಸ್‌ನಿಂದ ಮತ್ತೆ ಬೇರು ಹೊರಡಿಸಿದರೆ ಬದನೆ ಕುಟುಂಬದಲ್ಲಿ ಆಲ್ಕಲಾಯ್ಡ್ ಮರಳಿ ಕಾಣಿಸುತ್ತಿತ್ತು. ವಂಶವಾಹಿಗಳು ಎರಡರಲ್ಲೂ ಅವೇ. ಇಲ್ಲದೆ ಹೋದದ್ದು ಅಂಗದ ರಚನೆ.

ರಚನೆ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಉತ್ತರ ಕೊಟ್ಟದ್ದು ಕ್ಯೋಟೊ ವಿಶ್ವವಿದ್ಯಾಲಯದ ಯಾಸುಯುಕಿ ಯಾಮಾದ ಮತ್ತು ತಕಾಶಿ ಹಾಶಿಮೊತೊ ಅವರ ಬಳಗ. ಇವರು ಖುರಾಸಾನಿ ಓಮದ ಬೇರುಗಳನ್ನು ಫ್ಲಾಸ್ಕಿನಲ್ಲಿ ಬೆಳೆಸಿ, ಹಯೊಸಯಮೀನನ್ನು ಸ್ಕೊಪೊಲಮೀನ್ ಆಗಿಸುವ ಕಿಣ್ವವನ್ನು ಬೇರ್ಪಡಿಸಿದರು. ಎಚ್6ಎಚ್ ಎಂದು ಅದನ್ನು ಕರೆಯುತ್ತಾರೆ. 1991ರಲ್ಲಿ ಅದರ ವಂಶವಾಹಿಯೂ ಸಿಕ್ಕಿತು. ಆ ಕಿಣ್ವ ಎಳೆಬೇರಿನ ನಾಳಗುಚ್ಛವನ್ನು ಸುತ್ತುವರಿದ ಪೆರಿಸೈಕಲ್ ಎಂಬ ಒಂದೇ ಪದರದಲ್ಲಿರುತ್ತದೆ. ಈ ಆಲ್ಕಲಾಯ್ಡ್‌ಗಳ ತಯಾರಿಯ ಹಾದಿಯಲ್ಲಿ ಮೊದಲ ಹೆಜ್ಜೆಯ ಕಿಣ್ವವಾದ ಪಿಎಂಟಿ, ಅಂದರೆ ಪ್ಯುಟ್ರೆಸಿನ್‌ಗೆ ಮೀಥೈಲ್ ಗುಂಪು ಸೇರಿಸುವ ಕಿಣ್ವವೂ, ಅಲ್ಲೇ ಇದೆ. ಆದರೆ ನಡುವಿನ ಹೆಜ್ಜೆಯ ಟ್ರೊಪಿನೋನ್ ರಿಡಕ್ಟೇಸ್ ಇರುವುದು ಅದರ ಹೊರಗಿನ ಎಂಡೋಡರ್ಮಿಸ್ ಮತ್ತು ಅದಕ್ಕೂ ಆಚೆಯ ಪದರಗಳಲ್ಲಿ. ಎಂದರೆ ಅರೆಬರೆ ತಯಾರಾದ ಅಣು ಒಳಗಿನ ಪದರದಿಂದ ಹೊರಕ್ಕೆ ಹೋಗಿ, ಅಲ್ಲಿ ಬದಲಾಗಿ, ಮತ್ತೆ ಒಳಕ್ಕೆ ಬಂದು ಪೂರ್ಣವಾಗುತ್ತದೆ. ನೇಕಾರರ ಕೇರಿಯಲ್ಲಿ ಒಂದು ಮನೆಯವರು ನೂಲು ಸುತ್ತಿ, ಇನ್ನೊಂದು ಮನೆಯವರು ಬಣ್ಣ ಅದ್ದಿ, ಮತ್ತೆ ಮೊದಲ ಮನೆಯ ಮಗ್ಗಕ್ಕೆ ಬರುವ ಹಾಗೆ. ಪದರಗಳೇ ಇಲ್ಲದ ಕ್ಯಾಲಸ್‌ನಲ್ಲಿ ಈ ಕೊಡುಕೊಳ್ಳುವಿಕೆಗೆ ಜಾಗವಿಲ್ಲ. ಬೇರುಕೃಷಿಯ ಬಲವೆಲ್ಲ ಇರುವುದು ಈ ಒಂದು ಸಂಗತಿಯಲ್ಲಿ.

ಕೂದಲುಬೇರು

ಸಾಮಾನ್ಯ ಬೇರು ಫ್ಲಾಸ್ಕಿನಲ್ಲಿ ಬೆಳೆಯುತ್ತದಾದರೂ ನಿಧಾನ. ಎಷ್ಟೋ ಜಾತಿಗಳಲ್ಲಿ ಹಾರ್ಮೋನು ಕೊಡದೆ ಬೆಳೆಯುವುದೇ ಇಲ್ಲ, ಕೊಟ್ಟರೆ ಮತ್ತೆ ಕ್ಯಾಲಸ್ ಆಗುವ ಭಯ. ಈ ತೊಡಕನ್ನು ಬಿಡಿಸಿದ್ದು ಒಂದು ಸಸ್ಯರೋಗ. ಅಮೆರಿಕದ ಸೇಬಿನ ನರ್ಸರಿಗಳಲ್ಲಿ ಸಸಿಗಳ ಬುಡದಲ್ಲಿ ಗೊಂಚಲು ಗೊಂಚಲಾಗಿ ಸಣ್ಣ ಬೇರುಗಳು ಹೊರಡುವ ಕಾಯಿಲೆಯಿತ್ತು. ವಿಸ್ಕಾನ್ಸಿನ್‌ನ ಎ.ಜೆ. ರೈಕರ್ ಮತ್ತು ಜೊತೆಗಾರರು 1930ರಲ್ಲಿ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ವಿವರಿಸಿದರು. ಬಹುಕಾಲ ಅದು ಅಗ್ರೊಬ್ಯಾಕ್ಟೀರಿಯಂ ರೈಜೋಜೀನಿಸ್ ಎಂದು ಹೆಸರಾಗಿತ್ತು. ಈಗಿನ ವರ್ಗೀಕರಣದಲ್ಲಿ ರೈಜೋಬಿಯಂ ರೈಜೋಜೀನಿಸ್.

ರೋಗದ ಒಳಗುಟ್ಟು ಹೊರಬಂದದ್ದು 1982ರಲ್ಲಿ. ಮೇರಿ-ಡೆಲ್ ಚಿಲ್ಟನ್, ಡೇವಿಡ್ ಟೆಪ್ಫರ್ ಮತ್ತು ಫ್ರಾನ್ಸಿನ ಸಹೋದ್ಯೋಗಿಗಳು, ಬ್ಯಾಕ್ಟೀರಿಯ ತನ್ನ ಆರ್‌ಐ ಪ್ಲಾಸ್ಮಿಡ್ ಎಂಬ ದೊಡ್ಡ ಡಿಎನ್‌ಎ ಉಂಗುರದ ಒಂದು ತುಂಡನ್ನು ಸಸ್ಯಕೋಶದ ವರ್ಣತಂತುವಿಗೇ ಸೇರಿಸಿಬಿಡುತ್ತದೆ ಎಂದು ತೋರಿಸಿದರು. ಆ ತುಂಡಿನಲ್ಲಿರುವ ರೋಲ್ ವಂಶವಾಹಿಗಳು, ಅದರಲ್ಲೂ ರೋಲ್-ಬಿ, ಕೋಶಕ್ಕೆ ಬೇರಾಗುವ ಆದೇಶ ಕೊಡುತ್ತವೆ. ಅದೇ ತುಂಡಿನ ಬೇರೆ ವಂಶವಾಹಿಗಳು ಓಪಿನ್ ಎಂಬ ಸಾರಜನಕಯುಕ್ತ ಸಂಯುಕ್ತಗಳನ್ನು ಗಿಡದ ಕೈಯಲ್ಲೇ ಮಾಡಿಸುತ್ತವೆ, ಅವು ಬ್ಯಾಕ್ಟೀರಿಯದ ಆಹಾರ. ಇದು ಪ್ರಯೋಗಾಲಯದ ಹಂಗಿಲ್ಲದೆ ನಿಸರ್ಗದಲ್ಲೇ ನಡೆಯುವ ವಂಶವಾಹಿ ವರ್ಗಾವಣೆ. ನಾವು ಸಂಕ್ರಾಂತಿಗೆ ಬೇಯಿಸಿ ತಿನ್ನುವ ಸಿಹಿಗೆಣಸಿನ ವರ್ಣತಂತುವಿನಲ್ಲೂ ಅಗ್ರೊಬ್ಯಾಕ್ಟೀರಿಯದ ಡಿಎನ್‌ಎ ತುಂಡುಗಳಿವೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದ 291 ಕೃಷಿ ಮಾದರಿಗಳಲ್ಲೂ ಅದು ಸಿಕ್ಕಿತು.

ಪ್ರಯೋಗಾಲಯದ ಕ್ರಮ ಸರಳ, ಆದರೆ ಕೈ ಶುದ್ಧವಿರಬೇಕು. ಬೀಜವನ್ನು ಬ್ಲೀಚ್‌ನಂಥ ದ್ರಾವಣದಲ್ಲಿ ತೊಳೆದು, ಸೋಂಕಿಲ್ಲದ ಬಾಟಲಿಯಲ್ಲಿ ಮೊಳೆಯಿಸುತ್ತಾರೆ. ಸಸಿಯ ಎಲೆ ಅಥವಾ ಕಾಂಡಕ್ಕೆ ಬ್ಲೇಡಿನಿಂದ ಗಾಯ ಮಾಡಿ ಬ್ಯಾಕ್ಟೀರಿಯ ಹಚ್ಚುತ್ತಾರೆ. ಗಾಯಗೊಂಡ ಗಿಡ ಸ್ರವಿಸುವ ಅಸಿಟೊಸಿರಿಂಗೋನ್‌ನಂಥ ಫೀನಾಲುಗಳೇ ಬ್ಯಾಕ್ಟೀರಿಯವನ್ನು ಎಚ್ಚರಿಸುತ್ತವೆ. ಎರಡು ಮೂರು ದಿನ ಜೊತೆಗಿಟ್ಟು, ಆಮೇಲೆ ಸೆಫೊಟ್ಯಾಕ್ಸಿಮ್‌ನಂಥ ಆ್ಯಂಟಿಬಯೋಟಿಕ್ ಇರುವ ಮಾಧ್ಯಮಕ್ಕೆ ಬದಲಿಸಿ ಬ್ಯಾಕ್ಟೀರಿಯವನ್ನು ಕೊಲ್ಲುತ್ತಾರೆ. ಕೆಲವು ವಾರಗಳಲ್ಲಿ ಗಾಯದ ಅಂಚಿನಿಂದ ಬಿಳಿಯ ಬೇರುಗಳು ಮೈತುಂಬ ಸೂಕ್ಷ್ಮ ರೋಮಗಳೊಂದಿಗೆ ಹೊರಬರುತ್ತವೆ. ಒಂದೊಂದನ್ನೂ ಪ್ರತ್ಯೇಕವಾಗಿ ಕತ್ತರಿಸಿ, ಹಾರ್ಮೋನಿಲ್ಲದ, ಎಂಎಸ್ ಅಥವಾ ಬಿ5 ಎಂಬ ಪೋಷಕ ಮಾಧ್ಯಮವಿರುವ ಫ್ಲಾಸ್ಕಿಗೆ ಹಾಕಿ, ಸುಮಾರು 25 ಡಿಗ್ರಿ ತಾಪದಲ್ಲಿ ಷೇಕರ್ ಮೇಲೆ, ಹೆಚ್ಚಾಗಿ ಕತ್ತಲಲ್ಲಿ ಇಡುತ್ತಾರೆ. ರೋಲ್ ವಂಶವಾಹಿ ಬೇರಿನಲ್ಲಿ ಸೇರಿದೆಯೇ, ಬ್ಯಾಕ್ಟೀರಿಯ ಪೂರ್ತಿ ಹೋಗಿದೆಯೇ ಎಂಬುದನ್ನು ಪಿಸಿಆರ್ ಪರೀಕ್ಷೆಯಿಂದ ಖಚಿತಪಡಿಸುತ್ತಾರೆ.

ಇಂಥ ಬೇರು ಭೂಮಿಯ ಸೆಳೆತಕ್ಕೆ ಅಷ್ಟಾಗಿ ಬಗ್ಗದೆ ಎಲ್ಲ ದಿಕ್ಕಿಗೂ ಕವಲೊಡೆಯುತ್ತದೆ. ವೇಗವಾಗಿ ಬೆಳೆಯುವ ಸಾಲುಗಳ, ಅಂದರೆ ಒಂದೊಂದೇ ಬೇರಿನ ಸಂತತಿಗಳ, ತೂಕ ಒಂದೆರಡು ದಿನದಲ್ಲಿ ಇಮ್ಮಡಿಯಾಗುತ್ತದೆ. ಕ್ಯಾಲಸ್ ಕೋಶಗಳ ವರ್ಣತಂತುಗಳು ಕಾಲಕಳೆದಂತೆ ಏರುಪೇರಾಗುತ್ತವೆ, ಕೂದಲುಬೇರು ಬಹುಮಟ್ಟಿಗೆ ಸ್ಥಿರವಾಗಿ ಉಳಿಯುತ್ತದೆ. ಇಂಗ್ಲೆಂಡಿನ ನಾರಿಚ್‌ನಲ್ಲಿ ಮೈಕೆಲ್ ರೋಡ್ಸ್, ಜಾನ್ ಹ್ಯಾಮಿಲ್ ಮತ್ತಿತರರು 1980ರ ದಶಕದ ಮಧ್ಯದಲ್ಲಿ ಹೊಗೆಸೊಪ್ಪು, ದತ್ತೂರಿ ಜಾತಿಯ ಗಿಡಗಳಲ್ಲಿ, ಹೆಕ್ಟರ್ ಫ್ಲೋರೆಸ್ ಅಮೆರಿಕದಲ್ಲಿ ಖುರಾಸಾನಿ ಓಮದ ಸೋದರಜಾತಿಯಲ್ಲಿ ಈ ಗುಣಗಳನ್ನು ತೋರಿಸಿದ ಮೇಲೆ ಜಗತ್ತಿನ ನೂರಾರು ಪ್ರಯೋಗಾಲಯಗಳು ಈ ಹಾದಿ ಹಿಡಿದವು.

ಕೆಲವು ಗಿಡಗಳ ಕಥೆ

ಸ್ಕೊಪೊಲಮೀನ್ ಪ್ರಯಾಣದ ವಾಕರಿಕೆಗೆ ಮದ್ದು, ಹೊಟ್ಟೆನುಲಿತಕ್ಕೆ ಕೊಡುವ ಬ್ಯೂಸ್ಕೊಪಾನ್‌ಗೆ ಕಚ್ಚಾವಸ್ತು. ಅದರ ಬೇಡಿಕೆ ಹಯೊಸಯಮೀನಿಗಿಂತ ಹೆಚ್ಚು, ಆದರೆ ಹೆಚ್ಚಿನ ಗಿಡಗಳಲ್ಲಿ ಇರುವುದು ಹಯೊಸಯಮೀನೇ. ಕ್ಯೋಟೊ ಬಳಗ 1992ರಲ್ಲಿ ಎಚ್6ಎಚ್ ವಂಶವಾಹಿಯನ್ನು ಬೆಲಡೊನಕ್ಕೆ ಸೇರಿಸಿ, ಗಿಡದ ಆಲ್ಕಲಾಯ್ಡ್ ಬಹುಪಾಲು ಸ್ಕೊಪೊಲಮೀನ್ ಆಗುವಂತೆ ಮಾಡಿತು. ಔಷಧಿ ಗಿಡವೊಂದರ ರಾಸಾಯನಿಕ ಹಾದಿಯನ್ನು ಉದ್ದೇಶಪೂರ್ವಕವಾಗಿ ತಿರುಗಿಸಿದ ಮೊದಲ ಸಾಧನೆಗಳಲ್ಲಿ ಇದೊಂದು. 2004ರಲ್ಲಿ ಚೀನಾ ಮತ್ತು ಫಿನ್‌ಲ್ಯಾಂಡ್‌ನ ವಿಜ್ಞಾನಿಗಳು ಖುರಾಸಾನಿ ಓಮದ ಕೂದಲುಬೇರಿನಲ್ಲಿ ಮೊದಲ ಹೆಜ್ಜೆಯ ಪಿಎಂಟಿ, ಕೊನೆಯ ಹೆಜ್ಜೆಯ ಎಚ್6ಎಚ್ ಎರಡನ್ನೂ ಒಟ್ಟಿಗೆ ಹೆಚ್ಚಿಸಿದರು. ಅತ್ಯುತ್ತಮ ಸಾಲು ಲೀಟರಿಗೆ 411 ಮಿಲಿಗ್ರಾಂ ಸ್ಕೊಪೊಲಮೀನ್ ಕೊಟ್ಟಿತು, ಮೂಲ ಬೇರಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು. ಹಾದಿಯನ್ನು ಒಂದೇ ತುದಿಯಲ್ಲಿ ಅಗಲಿಸಿದರೆ ಸಾಲದು ಎಂಬುದು ಈ ಪ್ರಯೋಗದಿಂದ ಸ್ಪಷ್ಟವಾಯಿತು.

ಭಾರತಕ್ಕೆ ಹತ್ತಿರದ್ದು ಸರ್ಪಗಂಧ, ಕನ್ನಡದಲ್ಲಿ ಸೂತ್ರನಾಭಿ ಎಂದೂ ಹೆಸರು. ಸಲೀಮುಜ್ಜಮಾನ್ ಸಿದ್ದಿಕಿ 1931ರಲ್ಲಿ ದೆಹಲಿಯಲ್ಲಿ ಇದರ ಬೇರಿನಿಂದ ಅಜ್ಮಲಿನ್ ತೆಗೆದು, ಹಕೀಮ್ ಅಜ್ಮಲ್ ಖಾನರ ಹೆಸರಿಟ್ಟರು. ಅದೇ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಇದನ್ನು ರಕ್ತದೊತ್ತಡ ಮತ್ತು ಮನೋವಿಕಾರಕ್ಕೆ ಬಳಸಿದ್ದನ್ನು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಲೇಖನ ಪಶ್ಚಿಮದ ವೈದ್ಯರ ಕಣ್ಣು ತೆರೆಸಿತು. 1952ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸೀಬಾ ಕಂಪನಿ ರೆಸರ್ಪಿನ್ ಬೇರ್ಪಡಿಸಿತು. ಮುಂದೆ ಕಾಡಿನ ಸರ್ಪಗಂಧಕ್ಕೆ ಗುದ್ದಲಿ ಬಿತ್ತು. ಇಂದು ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಇದರ ಕೂದಲುಬೇರನ್ನು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು 1993ರಲ್ಲಿ ವರದಿ ಮಾಡಿದರು. ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಸಿಗುವ ಇದರ ಸೋದರಜಾತಿ ರಾವೊಲ್ಫಿಯ ಮೈಕ್ರಾಂತದ ಕೂದಲುಬೇರಿನಲ್ಲಿ ಅಜ್ಮಲಿನ್ ಮತ್ತು ಅಜ್ಮಲಿಸಿನ್ ಆಗುವುದನ್ನು ಕೇರಳದ ಪಾಲೋಡಿನ ಸಸ್ಯೋದ್ಯಾನದ ಸಂಶೋಧಕರು 2003ರಲ್ಲಿ ತೋರಿಸಿದರು. ಲಖನೌದ ಸಿಮ್ಯಾಪ್ ಸಂಸ್ಥೆಯಲ್ಲಿ ನಿತ್ಯಪುಷ್ಪದ ವಂಶವಾಹಿಯೊಂದನ್ನು ಸರ್ಪಗಂಧದ ಬೇರಿಗೆ ಕೂಡಿಸಿ ರೆಸರ್ಪಿನ್ ಹೆಚ್ಚಿಸಿದ ಕೆಲಸವೂ ನಡೆದಿದೆ.

ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡ್‌ನ ಕಥೆ ಇನ್ನೂ ಸೋಜಿಗದ್ದು. ಅಮೆರಿಕದ ಮನ್ರೋ ವಾಲ್ ಮತ್ತು ಮನ್‌ಸುಖ್ ವಾನಿ ಚೀನಾ ಮೂಲದ ಮರವೊಂದರಲ್ಲಿ 1966ರಲ್ಲಿ ಇದನ್ನು ಕಂಡರು. ಇದರಿಂದ ತಯಾರಾದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಇಂದು ಕ್ಯಾನ್ಸರ್ ಆಸ್ಪತ್ರೆಗಳ ನಿತ್ಯದ ಔಷಧಗಳು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದು ಇರುವುದನ್ನು ತಿಳಿಸಿದರು. ಆ ಮೇಲೆ ಆ ಮರಕ್ಕೆ ಕೊಡಲಿ ಹತ್ತಿತು. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಕಜುಕಿ ಸೈತೊ ಬಳಗ 2001ರಲ್ಲಿ ಒಫಿಯೊರೈಜ ಪ್ಯುಮಿಲ ಎಂಬ ಸಣ್ಣ ಗಿಡದ ಕೂದಲುಬೇರಿನಿಂದ ಕ್ಯಾಂಪ್ಟೊಥೆಸಿನ್ ಪಡೆಯಿತು. ಬೇರು ಅದನ್ನು ತನ್ನೊಳಗೇ ಇಟ್ಟುಕೊಳ್ಳದೆ ದ್ರವಕ್ಕೂ ಬಿಡುತ್ತಿತ್ತು. ದ್ರವದಲ್ಲಿ ಪಾಲಿಸ್ಟೈರೀನ್ ರಾಳದ ಹರಳುಗಳನ್ನು ಹಾಕಿದಾಗ ಅವು ಅದನ್ನು ಹೀರಿ ಹಿಡಿದವು. ಬೇರನ್ನು ಕೊಲ್ಲದೆ ಮದ್ದು ಸಂಗ್ರಹಿಸುವ ದಾರಿ ಇದು. ಕೋಶ ವಿಭಜನೆಯನ್ನೇ ನಿಲ್ಲಿಸುವ ಈ ವಿಷವನ್ನು ತಯಾರಿಸುವ ಗಿಡ ತಾನು ಹೇಗೆ ಬದುಕುತ್ತದೆ? ಕ್ಯಾಂಪ್ಟೊಥೆಸಿನ್ ದಾಳಿ ಮಾಡುವ ಟೊಪೊಐಸೊಮರೇಸ್ ಕಿಣ್ವದ ಒಂದು ಅಮೈನೊ ಆಮ್ಲವನ್ನು ಇಂಥ ಗಿಡಗಳು ಬದಲಿಸಿಕೊಂಡಿವೆ ಎಂದು 2008ರಲ್ಲಿ ಅದೇ ಬಳಗ ಕಂಡುಕೊಂಡಿತು. ಈ ವಿಷವನ್ನು ತಡೆದುಕೊಂಡ ಕ್ಯಾನ್ಸರ್ ಕೋಶಗಳಲ್ಲೂ ಅಂಥದೇ ಬದಲಾವಣೆ ಕಂಡುಬಂದಿತ್ತು.

ನಿತ್ಯಪುಷ್ಪದಲ್ಲಿ ಬೇರುಕೃಷಿ ತನ್ನ ಮಿತಿಯನ್ನು ಮುಟ್ಟುತ್ತದೆ. ವಿನ್‌ಬ್ಲಾಸ್ಟಿನ್ ಎಂದರೆ ಕ್ಯಾಥರಾಂಥಿನ್ ಮತ್ತು ವಿಂಡೊಲಿನ್ ಎಂಬ ಎರಡು ಆಲ್ಕಲಾಯ್ಡ್‌ಗಳ ಜೋಡಣೆ. ಕ್ಯಾಥರಾಂಥಿನ್ ಬೇರಿನಲ್ಲಿ ಆಗುತ್ತದೆ. ವಿಂಡೊಲಿನ್‌ನ ಕೊನೆಯ ಹೆಜ್ಜೆಗಳಿಗೆ ಬೆಳಕೂ ಎಲೆಯ ವಿಶೇಷ ಕೋಶಗಳೂ ಬೇಕು, ಹಾಗಾಗಿ ಬೇರು ಎಷ್ಟು ಬೆಳೆದರೂ ಅದು ಸಿಗದು. ಬೇರು ಬಲ್ಲದ್ದನ್ನು ಮಾತ್ರ ಮಾಡುತ್ತದೆ. ಆದರೆ ಹೊಸದನ್ನು ಕಲಿಸಬಹುದು ಎಂಬುದನ್ನು ಅಮೆರಿಕದ ಎಂಐಟಿಯ ಸಾರಾ ಓಕಾನರ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಮಣ್ಣಿನ ಬ್ಯಾಕ್ಟೀರಿಯದ ಹ್ಯಾಲೊಜಿನೇಸ್ ಕಿಣ್ವಗಳನ್ನು ನಿತ್ಯಪುಷ್ಪದ ಕೂದಲುಬೇರಿಗೆ ಸೇರಿಸಿದಾಗ, ಆ ಗಿಡ ಎಂದೂ ಮಾಡದ ಕ್ಲೋರಿನ್‌ಯುಕ್ತ ಆಲ್ಕಲಾಯ್ಡ್‌ಗಳು ಬೇರಿನಲ್ಲಿ ತಯಾರಾದವು.

ಇಳುವರಿ, ತೊಟ್ಟಿ, ಮಾರುಕಟ್ಟೆ

ಆಲ್ಕಲಾಯ್ಡ್ ಗಿಡಕ್ಕೆ ರಕ್ಷಣೆಯ ಆಯುಧ. ಆದ್ದರಿಂದ ಬೇರಿಗೆ ದಾಳಿಯ ಸೂಚನೆ ಕೊಟ್ಟರೆ ಅನೇಕ ವೇಳೆ ತಯಾರಿ ಏರುತ್ತದೆ. ಮೀಥೈಲ್ ಜಾಸ್ಮೊನೇಟ್, ಸ್ಯಾಲಿಸಿಲಿಕ್ ಆಮ್ಲ, ಸಿಗಡಿ ಚಿಪ್ಪಿನಿಂದ ತೆಗೆದ ಕೈಟೊಸಾನ್, ಯೀಸ್ಟ್ ಸಾರ ಹೀಗೆ ಹಲವು ಪ್ರಚೋದಕಗಳು ಬಳಕೆಯಲ್ಲಿವೆ. ಬೇರು ಮೊದಲು ಚೆನ್ನಾಗಿ ಬೆಳೆದ ಮೇಲೆ ಇವನ್ನು ಕೊಡುವುದು ವಾಡಿಕೆ. ಮುಂಚೆಯೇ ಕೊಟ್ಟರೆ ಬೆಳವಣಿಗೆ ಕುಂದುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಫ್ಲಾಸ್ಕಿನಿಂದ ತೊಟ್ಟಿಗೆ ಹೋಗುವಾಗ. ಬ್ಯಾಕ್ಟೀರಿಯ, ಯೀಸ್ಟ್ ದ್ರವದಲ್ಲಿ ಕದಡಿದಂತೆ ಇರುತ್ತವೆ, ಪಂಪಿನಲ್ಲಿ ಹರಿಯುತ್ತವೆ. ಬೇರು ಹೆಣೆದುಕೊಂಡು ಒಂದೇ ಉಂಡೆಯಾಗುತ್ತದೆ. ಕಲಕುವ ಅಲಗು ತಾಗಿದರೆ ಜಜ್ಜಿ ಕ್ಯಾಲಸ್ ಆಗುತ್ತದೆ, ಕಲಕದಿದ್ದರೆ ಉಂಡೆಯ ನಡುಭಾಗಕ್ಕೆ ಆಮ್ಲಜನಕ ತಲುಪದೆ ಸಾಯುತ್ತದೆ. ಅದಕ್ಕೆಂದೇ ಕೆಳಗಿನಿಂದ ಗಾಳಿಗುಳ್ಳೆ ಬಿಡುವ ಸ್ತಂಭ, ಬೇರನ್ನು ಜಾಲರಿಯ ಮೇಲಿಟ್ಟು ಪೋಷಕ ದ್ರವವನ್ನು ಮಂಜಿನಂತೆ ಸಿಂಪಡಿಸುವ ತೊಟ್ಟಿ, ಮೇಲಿನಿಂದ ಹನಿಸುವ ತೊಟ್ಟಿ ಮುಂತಾದ ಬಯೋರಿಯಾಕ್ಟರ್‌ಗಳು ರೂಪುಗೊಂಡವು. ಇಂಗ್ಲೆಂಡಿನಲ್ಲಿ ದತ್ತೂರಿಯ ಕೂದಲುಬೇರನ್ನು 500 ಲೀಟರಿನ ಹನಿತೊಟ್ಟಿಯಲ್ಲಿ ಬೆಳೆಸಿದ್ದು ಈ ದಾರಿಯ ದೊಡ್ಡ ಪ್ರಯೋಗಗಳಲ್ಲಿ ಒಂದು.

ಕಾರ್ಖಾನೆಯ ಮಟ್ಟದ ಯಶಸ್ಸು ಸಿಕ್ಕಿದ್ದು ಆಲ್ಕಲಾಯ್ಡ್‌ಗಳ ಆಚೆ. ದಕ್ಷಿಣ ಕೊರಿಯದಲ್ಲಿ ಜಿನ್‌ಸೆಂಗ್‌ನ ಅಪಸ್ಥಾನಿಕ ಬೇರುಗಳನ್ನು 10,000 ಲೀಟರಿನ ಗಾಳಿಗುಳ್ಳೆ ತೊಟ್ಟಿಗಳಲ್ಲಿ ಬೆಳೆಸಿ ಮಾರುತ್ತಾರೆ, ಅವುಗಳ ಸಾರ ಸ್ಯಾಪೊನಿನ್‌ಗಳು. ಸ್ಕೊಪೊಲಮೀನ್ ಮಾತ್ರ ಇಂದಿಗೂ ಮುಖ್ಯವಾಗಿ ಆಸ್ಟ್ರೇಲಿಯ ಮೂಲದ ಡ್ಯುಬೊಯಿಸಿಯ ಮರದ ತೋಟಗಳಿಂದ ಬರುತ್ತದೆ. ತೋಟದ ಎಲೆ ಅಗ್ಗ, ಸೋಂಕಿಲ್ಲದ ತೊಟ್ಟಿ ದುಬಾರಿ. ಕೊಯ್ಲು ಸಲೀಸಾಗಿರುವ ಗಿಡದೆದುರು ಬೇರುಕೃಷಿ ಸೋಲುತ್ತದೆ. ಬೆಳೆಯಲು ವರ್ಷಗಳು ಬೇಕಾದ, ಅಗೆದರೆ ಸಾಯುವ, ಕಾಡಿನಲ್ಲಿ ವಿರಳವಾದ ಗಿಡಗಳಲ್ಲೇ ಅದಕ್ಕೆ ನ್ಯಾಯವಾದ ಅವಕಾಶವಿದೆ. ಆರಂಭದ ಉತ್ಸಾಹದಲ್ಲಿ ಈ ವ್ಯತ್ಯಾಸವನ್ನು ಸಾಕಷ್ಟು ಗಮನಿಸಲಿಲ್ಲ ಎನ್ನದೆ ವಿಧಿಯಿಲ್ಲ.

ಇತ್ತೀಚಿನ ಪೈಪೋಟಿ ಯೀಸ್ಟಿನದು. ಸ್ಟ್ಯಾನ್‌ಫರ್ಡ್‌ನ ಪ್ರಶಾಂತ್ ಶ್ರೀನಿವಾಸನ್ ಮತ್ತು ಕ್ರಿಸ್ಟೀನ ಸ್ಮೋಲ್ಕೆ 2020ರಲ್ಲಿ ಯೀಸ್ಟಿನಲ್ಲೇ ಹಯೊಸಯಮೀನ್ ಮತ್ತು ಸ್ಕೊಪೊಲಮೀನ್ ತಯಾರಿಸಿದರು. 2022ರಲ್ಲಿ ಇನ್ನೊಂದು ಬಳಗ ಯೀಸ್ಟಿನಿಂದ ವಿನ್‌ಬ್ಲಾಸ್ಟಿನ್‌ನ ಎರಡೂ ಅರ್ಧಗಳನ್ನು ಪಡೆಯಿತು. ಯೀಸ್ಟಿನ ಆ ಮೊದಲ ಸ್ಕೊಪೊಲಮೀನ್ ಇಳುವರಿ ಲೀಟರಿಗೆ ಮೈಕ್ರೊಗ್ರಾಂಗಳ ಲೆಕ್ಕದಲ್ಲಿತ್ತು, ಬೇರು ಕೊಟ್ಟದ್ದು ನೂರಾರು ಮಿಲಿಗ್ರಾಂ. ಯೀಸ್ಟ್ ಮುಂದೆ ಗೆಲ್ಲಲೂಬಹುದು. ಆದರೆ ಯೀಸ್ಟಿಗೆ ಸೇರಿಸಿದ ಸಸ್ಯ ವಂಶವಾಹಿಗಳಲ್ಲಿ ಅನೇಕವನ್ನು ಗುರುತಿಸಿದ್ದು, ಅವುಗಳ ಕೆಲಸ ಪರೀಕ್ಷಿಸಿದ್ದು ಬೇರುಕೃಷಿಗಳಲ್ಲೇ.

ಕರ್ನಾಟಕದಲ್ಲಿ

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯಲ್ಲಿ ಜಿ.ಎ. ರವಿಶಂಕರ್, ಎನ್. ಭಾಗ್ಯಲಕ್ಷ್ಮಿ ಮತ್ತಿತರರು ಬೀಟ್‌ರೂಟ್‌ನ ಕೂದಲುಬೇರನ್ನು ತೊಟ್ಟಿಯಲ್ಲಿ ಬೆಳೆಸಿ, ಅದರ ಬೀಟಲೇನ್ ಬಣ್ಣವನ್ನು ಬೇರು ಸಾಯದಂತೆ ಹೊರಕ್ಕೆ ಬಿಡಿಸುವ ಬಗೆಯನ್ನು ವಿವರವಾಗಿ ಅಧ್ಯಯನ ಮಾಡಿದರು. ಬೀಟಲೇನ್‌ಗಳು ಸಾರಜನಕಯುಕ್ತ, ಒಂದು ಕಾಲಕ್ಕೆ ಇವನ್ನು ಬಣ್ಣದ ಆಲ್ಕಲಾಯ್ಡ್‌ಗಳೆಂದೇ ಎಣಿಸುತ್ತಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಚ್.ಎನ್. ಮೂರ್ತಿ ಮತ್ತು ಸಂಗಡಿಗರು ಅಶ್ವಗಂಧದ ಕೂದಲುಬೇರು ಮತ್ತು ಅಪಸ್ಥಾನಿಕ ಬೇರು ಎರಡರಲ್ಲೂ ವಿಥನೊಲೈಡ್-ಎ ಎಂಬ ಸಂಯುಕ್ತವನ್ನು ಪಡೆದಿದ್ದಾರೆ. ಕೊರಿಯದ ಜಿನ್‌ಸೆಂಗ್ ಬೇರುಕೃಷಿಯ ಸಂಶೋಧಕರೊಡನೆ ಮೂರ್ತಿಯವರು ದೀರ್ಘಕಾಲ ಕೆಲಸ ಮಾಡಿದವರು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಮತ್ತು ಜೊತೆಗಾರರು ಪಶ್ಚಿಮ ಘಟ್ಟದುದ್ದಕ್ಕೂ ದುರ್ವಾಸನೆ ಮರಗಳನ್ನು ಪರೀಕ್ಷಿಸಿ, ಕ್ಯಾಂಪ್ಟೊಥೆಸಿನ್ ಪ್ರಮಾಣ ಮರದಿಂದ ಮರಕ್ಕೆ, ಪ್ರದೇಶದಿಂದ ಪ್ರದೇಶಕ್ಕೆ ಬಹಳ ಬದಲಾಗುವುದನ್ನು ದಾಖಲಿಸಿದ್ದಾರೆ. ಬೇರುಕೃಷಿಯವರಿಗೆ ಇದು ನೇರವಾಗಿ ಸಂಬಂಧಿಸಿದ ಮಾಹಿತಿ. ಫ್ಲಾಸ್ಕಿನ ಒಂದು ಸಾಲು ಎಂದರೆ ಒಂದು ಗಿಡದ ಒಂದು ಗಾಯದಿಂದ ಹೊರಟ ಒಂದೇ ಬೇರಿನ ಸಂತತಿ. ಅದರ ಆಲ್ಕಲಾಯ್ಡ್ ಮಟ್ಟ ಮೂಲ ಗಿಡದ ಗುಣವನ್ನೂ ಹೊರಗಿನ ಡಿಎನ್‌ಎ ಎಲ್ಲಿ ಹೋಗಿ ಕೂತಿತು ಎಂಬುದನ್ನೂ ಅವಲಂಬಿಸುತ್ತದೆ. ಅದಕ್ಕೆಂದೇ ಹಲವು ಮೂಲಗಳ ಬೀಜದಿಂದ ಹತ್ತಾರು ಸಾಲುಗಳನ್ನು ಎಬ್ಬಿಸಿ ಹೋಲಿಸಿ ನೋಡಿ, ಆರಿಸಿದ ಸಾಲನ್ನು ಮೂರು ನಾಲ್ಕು ವಾರಗಳಿಗೊಮ್ಮೆ ಹೊಸ ದ್ರವಕ್ಕೆ ಬದಲಿಸುತ್ತಾರೆ. ತುದಿಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಕಾಪಿಡುವ ವಿಧಾನವೂ ಇದೆ. ಹಲವು ಮೂಲಗಳ ಬೀಜ ಸಿಗಬೇಕಾದದ್ದು ಮಾತ್ರ ಕಾಡಿನಲ್ಲಿ ಉಳಿದಿರುವ ಮರಗಳಿಂದಲೇ.